ಗೇಮ್‌ಗೆ ಬರೆದ ಚಿತ್ರಗಳ ಕಾವಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯವು. ಗೇಮ್‌ಗಾಗಿ ತಿಂಗಳುಗಟ್ಟಲೆ ಕೂತು ಬರೆದ ಪಾತ್ರ, ಹಿನ್ನೆಲೆ, ಐಕಾನ್‌ಗಳನ್ನು ಬೇರೆಯವರು ಎತ್ತಿಕೊಂಡು ಹೋಗದಂತೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಗೇಮ್ ಕಟ್ಟುವ ತಂತ್ರಾಂಶವಾದ ಯೂನಿಟಿಯಲ್ಲಿ ಆಂಡ್ರಾಯ್ಡ್ ಗೇಮ್ ಮಾಡಿದ್ದೇನೆ. ಗೆಳೆಯನೊಬ್ಬ ಎಪಿಕೆ (ಫೋನಿಗೆ ಗೇಮ್ ಹಾಕುವ) ಫೈಲ್ ಬಿಚ್ಚಿ ಎಲ್ಲ ಚಿತ್ರಗಳನ್ನೂ ಹೊರಗೆ ತೆಗೆದು ತೋರಿಸಿದ. ನಾನು ಐಎಲ್‌2ಸಿಪಿಪಿ ಆನ್ ಮಾಡಿಯೇ ಬಿಲ್ಡ್ ಮಾಡಿದ್ದೆ. ತಪ್ಪಿದ್ದೆಲ್ಲಿ? ಪೂರ್ತಿಯಾಗಿ ತಡೆಯಲು ಆಗುತ್ತದೆಯೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಪೂರ್ತಿಯಾಗಿ ತಡೆಯಲು ಆಗುವುದಿಲ್ಲ. ಚಿತ್ರ ಪರದೆಯ ಮೇಲೆ ಮೂಡಬೇಕಾದರೆ ಅದು ಬೀಗ ತೆಗೆದ ರೂಪದಲ್ಲೇ ಗ್ರಾಫಿಕ್ಸ್ ಚಿಪ್‌ನ ಮೆಮೊರಿಗೆ ಹೋಗಬೇಕು. ಗೇಮ್ ಮಾಡುವವರೇ ದೋಷ ಹುಡುಕಲು ಬಳಸುವ ರೆಂಡರ್‌ಡಾಕ್‌ನಂಥ ಸಾಧನ ಒಂದು ಫ್ರೇಮ್ ಹಿಡಿದು, ಅದರಲ್ಲಿ ಬಳಕೆಯಾದ ಪ್ರತಿಯೊಂದು ಟೆಕ್ಸ್‌ಚರನ್ನೂ (ಗೇಮ್ ಬಳಸುವ ಚಿತ್ರ) ತೋರಿಸುತ್ತದೆ, ಬೇಕಾದರೆ ಉಳಿಸಿಯೂ ಕೊಡುತ್ತದೆ. ಹಾಗಾಗಿ ನಿಮ್ಮ ಗುರಿ ಎರಡಿರಲಿ. ಉಚಿತ ಸಾಧನ ಇಳಿಸಿಕೊಂಡು ಐದು ನಿಮಿಷದಲ್ಲಿ ಎತ್ತುವವರನ್ನು ನಿಲ್ಲಿಸಬೇಕು. ಎತ್ತಿದರೂ ಅವರ ಕೈಗೆ ನಿಮ್ಮ ಮೂಲಕೃತಿ ಸಿಗಬಾರದು.

ಐಎಲ್‌2ಸಿಪಿಪಿ ಸಿ ಶಾರ್ಪ್ ಕೋಡನ್ನು ಸಿ ಪ್ಲಸ್ ಪ್ಲಸ್‌ಗೆ ಬದಲಿಸುತ್ತದೆ, ಅಷ್ಟೆ. ಚಿತ್ರಗಳಿಗೂ ಅದಕ್ಕೂ ಸಂಬಂಧವಿಲ್ಲ. ಎಪಿಕೆ ಎನ್ನುವುದು ಒಂದು ಜಿಪ್ ಫೈಲ್. ಅದನ್ನು ಬಿಚ್ಚಿದರೆ ಅಸೆಟ್ಸ್ ಫೋಲ್ಡರಿನ ಒಳಗೆ ಯೂನಿಟಿಯ ಕಟ್ಟುಗಳು ಸಿಗುತ್ತವೆ. ಆ ಕಟ್ಟುಗಳ ರಚನೆ ಎಲ್ಲರಿಗೂ ಗೊತ್ತಿರುವಂಥದ್ದು. ಅಸೆಟ್‌ಸ್ಟುಡಿಯೋ, ಅಸೆಟ್‌ರಿಪ್ಪರ್ ಇವು ಅದನ್ನು ಓದಿ ಸ್ಪ್ರೈಟ್‌ಗಳನ್ನು (ಪಾತ್ರ, ವಸ್ತುಗಳ ಬಿಡಿ ಚಿತ್ರಗಳು) ಹೆಸರಿನ ಸಮೇತ ಬಿಡಿಸಿಕೊಡುತ್ತವೆ. ಸ್ಪ್ರೈಟ್ ಅಟ್ಲಾಸ್ ಎಂಬ ಒಂದೇ ದೊಡ್ಡ ಚಿತ್ರದಲ್ಲಿ ಸೇರಿಸಿಟ್ಟರೂ ಬಿಡಿಬಿಡಿಯಾಗಿಯೇ ಬರುತ್ತವೆ.

ಮೊದಲು ಸ್ಟ್ರೀಮಿಂಗ್ ಅಸೆಟ್ಸ್ ಫೋಲ್ಡರ್ ನೋಡಿ. ಅಲ್ಲಿ ಇಟ್ಟದ್ದು ಇದ್ದಂತೆಯೇ ಎಪಿಕೆಗೆ ಹೋಗುತ್ತದೆ, ಪಿಎನ್‌ಜಿ ಇಟ್ಟರೆ ಪಿಎನ್‌ಜಿಯೇ. ಅದನ್ನು ತೆಗೆಯಲು ವಿಶೇಷ ಸಾಧನವೂ ಬೇಡ. ಅಲ್ಲಿರುವ ಚಿತ್ರಗಳನ್ನು ಇವತ್ತೇ ಹೊರಗೆ ತನ್ನಿ.

ಆಮೇಲೆ ಟೆಕ್ಸ್‌ಚರ್ ಇಂಪೋರ್ಟ್ ಸೆಟ್ಟಿಂಗ್‌ನಲ್ಲಿ ಮ್ಯಾಕ್ಸ್ ಸೈಜ್ ನೋಡಿ. ನೀವು 4096 ಪಿಕ್ಸೆಲ್‌ನಲ್ಲಿ ಬರೆದಿರಬಹುದು. ಫೋನಿನ ಪರದೆಯಲ್ಲಿ ಆ ಪಾತ್ರ 600 ಪಿಕ್ಸೆಲ್ ಎತ್ತರ ಕಾಣುವುದಾದರೆ 1024 ಸಾಕು. ಕಂಪ್ರೆಷನ್ ಎಎಸ್‌ಟಿಸಿ 6×6 ಕೊಡಿ. ಆಗ ಕದ್ದವರಿಗೆ ಸಿಗುವುದು ಚಿಕ್ಕದಾದ, ಅಂಚುಗಳಲ್ಲಿ ಸವೆದ ಪ್ರತಿ ಮಾತ್ರ. ಪೋಸ್ಟರ್‌ಗೆ, ಟಿ-ಶರ್ಟ್‌ಗೆ ಅದು ಒದಗುವುದಿಲ್ಲ. ಎಪಿಕೆ ಗಾತ್ರವೂ ಇಳಿಯುತ್ತದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಉಪಾಯ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಪಿಕ್ಸೆಲ್ ಆರ್ಟ್‌ಗೆ ಮಾತ್ರ ಇದು ಹೊಂದದು. ಅಲ್ಲಿ ಕಂಪ್ರೆಷನ್ ಚಿತ್ರವನ್ನೇ ಕೆಡಿಸುತ್ತದೆ.

ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದ ಬೀಗ) ಬೇಕೇ ಬೇಕು ಎಂದರೆ ಮುಖ್ಯ ಚಿತ್ರಗಳನ್ನು ಅಸೆಟ್ ಬಂಡಲ್ (ಬೇರೆಯಾಗಿ ಲೋಡ್ ಆಗುವ ಕಟ್ಟು) ಮಾಡಿ, ಎಲ್‌ಝಡ್4 ಕಂಪ್ರೆಷನ್ ಕೊಟ್ಟು, ಆಮೇಲೆ ಎಇಎಸ್ ಎಂಬ ಎನ್‌ಕ್ರಿಪ್ಷನ್ ವಿಧಾನದಿಂದ ಬೀಗ ಹಾಕಿ. ಕ್ರಮ ಅದಲುಬದಲಾಗಬಾರದು, ಬೀಗ ಹಾಕಿದ ಡೇಟಾ ಕುಗ್ಗುವುದಿಲ್ಲ. ಗೇಮ್‌ನಲ್ಲಿ ಅದನ್ನು ಲೋಡ್‌ಫ್ರಮ್‌ಸ್ಟ್ರೀಮ್ ಮೂಲಕ, ಓದುತ್ತಾ ಬೀಗ ತೆಗೆಯುವ ನಿಮ್ಮದೇ ಸ್ಟ್ರೀಮ್ ಬರೆದು ತೆರೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಯೂನಿಟಿ ಫೈಲಿನೊಳಗೆ ಹಿಂದಕ್ಕೂ ಮುಂದಕ್ಕೂ ಜಿಗಿದು ಓದುತ್ತದೆ. ಸಿ ಶಾರ್ಪ್‌ನ ಸಿದ್ಧ ಕ್ರಿಪ್ಟೋಸ್ಟ್ರೀಮ್‌ನಲ್ಲಿ ಹಾಗೆ ಜಿಗಿಯಲು ಬರುವುದಿಲ್ಲ, ಲೋಡ್ ವಿಫಲವಾಗುತ್ತದೆ. ಎಇಎಸ್ ಅನ್ನು ಸಿಟಿಆರ್ ಮಾದರಿಯಲ್ಲಿ ಬಳಸಿದರೆ ಯಾವ ಜಾಗದ ಬೈಟ್ ಬೇಕೋ ಅಲ್ಲಿಂದಲೇ ಬಿಡಿಸಬಹುದು. ಆದರೆ ಪ್ರತಿ ಬಂಡಲ್‌ಗೂ ಬೇರೆ ನಾನ್ಸ್ (ಒಂದೇ ಸಲ ಬಳಸುವ ಸಂಖ್ಯೆ) ಇರಲೇಬೇಕು. ಒಂದೇ ಕೀ, ಒಂದೇ ನಾನ್ಸ್ ಎರಡು ಫೈಲಿಗೆ ಬಳಸಿದರೆ ಎರಡನ್ನೂ ಎಕ್ಸ್‌ಓಆರ್ (ಬಿಟ್‌ಗಳನ್ನು ಹೋಲಿಸುವ ಲೆಕ್ಕ) ಮಾಡಿ ಒಳಗಿನದನ್ನು ಊಹಿಸಲು ದಾರಿಯಾಗುತ್ತದೆ. ಇನ್ನೊಂದು ತೊಡಕೂ ಇದೆ: ಆಂಡ್ರಾಯ್ಡ್‌ನಲ್ಲಿ ಸ್ಟ್ರೀಮಿಂಗ್ ಅಸೆಟ್ಸ್ ಎಪಿಕೆಯ ಒಳಗೇ ಇರುವುದರಿಂದ ಸಾಮಾನ್ಯ ಫೈಲ್‌ಸ್ಟ್ರೀಮ್ ಅದನ್ನು ತೆರೆಯದು. ಮೊದಲ ಬಾರಿ ಗೇಮ್ ತೆರೆದಾಗ ಬೀಗ ಹಾಕಿದ ಬಂಡಲನ್ನು ಪರ್ಸಿಸ್ಟೆಂಟ್ ಡೇಟಾ ಜಾಗಕ್ಕೆ ನಕಲಿಸಿ, ಅಲ್ಲಿಂದ ಓದಿ. ಬೀಗ ತೆಗೆದ ಪ್ರತಿಯನ್ನು ಮಾತ್ರ ಎಂದೂ ಡಿಸ್ಕಿಗೆ ಬರೆಯಬೇಡಿ.

ಕೀಯನ್ನು ಕೋಡ್‌ನಲ್ಲಿ ನೇರ ಸ್ಟ್ರಿಂಗ್ ಆಗಿ ಬರೆದರೆ ಐಎಲ್‌2ಸಿಪಿಪಿ ಬಿಲ್ಡ್‌ನಲ್ಲಿ ಅದು ಗ್ಲೋಬಲ್ ಮೆಟಾಡೇಟಾ ಫೈಲಿನಲ್ಲಿ ಓದಲು ಬರುವಂತೆಯೇ ಕೂತಿರುತ್ತದೆ. ತುಂಡು ಮಾಡಿ, ಓಡುವಾಗ ಲೆಕ್ಕ ಹಾಕಿ ಜೋಡಿಸಿ. ಡೀಬಗರ್ ಹಿಡಿದು ಕೂತವರಿಗೆ ಅದೂ ಸಿಗುತ್ತದೆ, ನಿಜ. ಆದರೆ ನಿಮ್ಮ ಗೆಳೆಯ ಬಳಸಿದ ಸಾಧನಕ್ಕೆ ಸಿಗುವುದಿಲ್ಲ.

ಪ್ರಶ್ನೆ: ಗೊಡಾಟ್ 4 ಎಂಬ ಗೇಮ್ ಕಟ್ಟುವ ತಂತ್ರಾಂಶದಲ್ಲಿ ಎನ್‌ಕ್ರಿಪ್ಷನ್ ಟಿಕ್ ಮಾಡಿ, ಕೀ ಕೊಟ್ಟು ವಿಂಡೋಸ್‌ಗೆ ಎಕ್ಸ್‌ಪೋರ್ಟ್ ಮಾಡಿದೆ. ಈಗ ಗೇಮ್ ತೆರೆಯುವುದೇ ಇಲ್ಲ. ಟಿಕ್ ತೆಗೆದರೆ ಸರಿಯಾಗಿ ಓಡುತ್ತದೆ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಬಳಸಿದ್ದು ಗೊಡಾಟ್ ತಾಣದಿಂದ ಇಳಿಸಿದ ಸಿದ್ಧ ಎಕ್ಸ್‌ಪೋರ್ಟ್ ಟೆಂಪ್ಲೇಟ್ ಇರಬೇಕು. ಗೇಮ್ ಓಡಿಸುವ ಆ ಪ್ರೋಗ್ರಾಮಿನಲ್ಲಿ ನಿಮ್ಮ ಕೀ ಇಲ್ಲ. ಗೇಮ್‌ನ ಫೈಲ್‌ಗಳ ಕಟ್ಟಾದ ಪಿಸಿಕೆ ಫೈಲಿಗೆ ಬೀಗ ಬಿದ್ದಿದೆ, ತೆರೆಯಬೇಕಾದವನ ಕೈಯಲ್ಲಿ ಕೀ ಇಲ್ಲ. ಕೀ ಸೇರಿಸಿದ ಟೆಂಪ್ಲೇಟನ್ನು ನೀವೇ ಕಂಪೈಲ್ ಮಾಡಬೇಕು.

ಕೀ 256 ಬಿಟ್‌ನದು, ಅಂದರೆ 64 ಹೆಕ್ಸ್ ಅಕ್ಷರಗಳು. ಓಪನ್‌ಎಸ್‌ಎಸ್‌ಎಲ್‌ನ ರ‍್ಯಾಂಡ್ ಆಜ್ಞೆಗೆ ಹೆಕ್ಸ್ ರೂಪದಲ್ಲಿ 32 ಬೈಟ್ ಕೇಳಿದರೆ ಸಿಗುತ್ತದೆ. ಕೈಯಿಂದ ಟೈಪ್ ಮಾಡಿದ ಕೀ ಬೇಡ. ನಿಮ್ಮ ಎಡಿಟರ್ ಯಾವ ಆವೃತ್ತಿಯದೋ ಅದೇ ಆವೃತ್ತಿಯ ಸೋರ್ಸ್ ಇಳಿಸಿಕೊಳ್ಳಿ. ಪೈಥಾನ್, ಎಸ್‌ಕಾನ್ಸ್, ಒಂದು ಸಿ ಪ್ಲಸ್ ಪ್ಲಸ್ ಕಂಪೈಲರ್ ಬೇಕು. ಟರ್ಮಿನಲ್‌ನಲ್ಲಿ ‘ಸ್ಕ್ರಿಪ್ಟ್_ಎಇಎಸ್256_ಎನ್‌ಕ್ರಿಪ್ಷನ್_ಕೀ’ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ ಕೀ ಕೊಟ್ಟು (ಎಲ್ಲವೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ), ಅದೇ ಟರ್ಮಿನಲ್‌ನಲ್ಲಿ ಎಸ್‌ಕಾನ್ಸ್ ಓಡಿಸಿ, ಟಾರ್ಗೆಟ್ ‘ಟೆಂಪ್ಲೇಟ್ ರಿಲೀಸ್’ ಇರಲಿ. ಬೇರೆ ಕಿಟಕಿಯಲ್ಲಿ ಓಡಿಸಿದರೆ ವೇರಿಯೇಬಲ್ ಅಲ್ಲಿಗೆ ತಲುಪಿರುವುದಿಲ್ಲ. ಬಿಲ್ಡ್ ದೂರಿಲ್ಲದೆ ಮುಗಿಯುತ್ತದೆ, ಆದರೆ ಟೆಂಪ್ಲೇಟ್‌ನಲ್ಲಿ ಕೀ ಇರುವುದಿಲ್ಲ, ಗೇಮ್ ಮತ್ತೆ ತೆರೆಯದು. ಈ ತಪ್ಪು ಬಹಳ ಜನರ ಒಂದು ಇಡೀ ದಿನ ತಿನ್ನುತ್ತದೆ.

ಬಂದ ಫೈಲನ್ನು ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಕಸ್ಟಮ್ ಟೆಂಪ್ಲೇಟ್ ಜಾಗದಲ್ಲಿ ತೋರಿಸಿ. ಎನ್‌ಕ್ರಿಪ್ಷನ್ ಟ್ಯಾಬ್‌ನಲ್ಲಿ ಪಿಸಿಕೆಗೂ ಇಂಡೆಕ್ಸ್‌ಗೂ ಟಿಕ್ ಹಾಕಿ, ಅದೇ ಕೀ ಕೊಡಿ. ಯಾವ ಫೈಲ್‌ಗಳಿಗೆ ಬೀಗ ಎಂದು ಕೇಳುವ ಫಿಲ್ಟರ್‌ನಲ್ಲಿ *.* ಎಂದೇ ಬರೆಯಿರಿ. ಪಿಎನ್‌ಜಿ ಎಂದಷ್ಟೇ ಬರೆದರೆ ಚಿತ್ರಗಳು ತಪ್ಪಿಸಿಕೊಳ್ಳುತ್ತವೆ, ಏಕೆಂದರೆ ಗೊಡಾಟ್ 4 ಅವನ್ನು ಸಿಟೆಕ್ಸ್ ಎಂಬ ಬೇರೆ ರೂಪಕ್ಕೆ ಬದಲಿಸಿ ಕಟ್ಟಿರುತ್ತದೆ. ಎಕ್ಸ್‌ಪೋರ್ಟ್ ಆದಮೇಲೆ ಗೊಡಾಟ್ ಗೇಮ್‌ಗಳನ್ನು ಬಿಚ್ಚುವ ಜಿಡಿಆರ್‌ಇ ಟೂಲ್ಸ್‌ನಲ್ಲಿ ನಿಮ್ಮದೇ ಗೇಮ್ ತೆರೆದು ನೋಡಿ. ಕೀ ಕೊಡದೆ ಚಿತ್ರ ಕಂಡರೆ ಫಿಲ್ಟರ್ ತಪ್ಪಿದೆ ಎಂದರ್ಥ.

ಮುಂದೆ ಆಂಡ್ರಾಯ್ಡ್‌ಗೆ ಹೋಗುವುದಾದರೆ ಈ ಪರೀಕ್ಷೆಯನ್ನು ಮತ್ತೆ ಮಾಡಿ. ಅಲ್ಲಿ ಸಾಮಾನ್ಯವಾಗಿ ಪಿಸಿಕೆ ಇರುವುದಿಲ್ಲ, ಫೈಲ್‌ಗಳು ಎಪಿಕೆಯ ಅಸೆಟ್ಸ್ ಫೋಲ್ಡರಿನಲ್ಲಿ ಬಿಡಿಬಿಡಿಯಾಗಿರುತ್ತವೆ. ವಿಂಡೋಸ್‌ನಲ್ಲಿ ಬೀಗ ಬಿತ್ತೆಂದು ಇಲ್ಲಿಯೂ ಬಿದ್ದಿದೆ ಎಂದು ನಂಬಬೇಡಿ. ಕೀ ಉಳಿಯುವುದು ಪ್ರಾಜೆಕ್ಟ್‌ನ ಡಾಟ್-ಗೊಡಾಟ್ ಫೋಲ್ಡರಿನ ಎಕ್ಸ್‌ಪೋರ್ಟ್ ಕ್ರೆಡೆನ್ಶಿಯಲ್ಸ್ ಫೈಲಿನಲ್ಲಿ. ಆ ಫೋಲ್ಡರ್ ಗಿಟ್‌ಗೆ (ಫೈಲ್‌ಗಳ ಹಳೆಯ ಆವೃತ್ತಿಗಳನ್ನು ಉಳಿಸುವ ಸಾಧನ) ಹೋಗಬಾರದು. ಕೀಯ ಒಂದು ಪ್ರತಿ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿರಲಿ.

ಪ್ರಶ್ನೆ: ಗೇಮ್ ಮಾಡುವ ಆರ್‌ಪಿಜಿ ಮೇಕರ್ ಎಂವಿ ತಂತ್ರಾಂಶದಲ್ಲಿ ಚಿತ್ರಗಳಿಗೆ ಪಾಸ್‌ವರ್ಡ್ ಹಾಕುವ ಸೌಲಭ್ಯವಿದೆ. ಉದ್ದನೆಯ ಪಾಸ್‌ವರ್ಡ್ ಕೊಟ್ಟರೆ ಭದ್ರವೇ?
— ಗೃಹಿಣಿ, ಉಡುಪಿ

ಉತ್ತರ: ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ ಫಲ ಒಂದೇ. ಆ ತಂತ್ರಾಂಶ ಚಿತ್ರದ ಮೊದಲ 16 ಬೈಟ್‌ಗಳನ್ನು ಮಾತ್ರ ಕೀಯೊಂದಿಗೆ ಎಕ್ಸ್‌ಓಆರ್ ಮಾಡಿ, ಮುಂದೆ 16 ಬೈಟ್‌ನ ತನ್ನದೊಂದು ತಲೆಪಟ್ಟಿ ಅಂಟಿಸುತ್ತದೆ. ಉಳಿದ ಚಿತ್ರವೆಲ್ಲ ಇದ್ದಂತೆಯೇ ಇರುತ್ತದೆ. ಪಿಎನ್‌ಜಿಯ ಮೊದಲ 16 ಬೈಟ್‌ಗಳು ಜಗತ್ತಿನ ಎಲ್ಲ ಪಿಎನ್‌ಜಿಗಳಲ್ಲೂ ಒಂದೇ: 8 ಬೈಟ್ ಗುರುತು, 4 ಬೈಟ್ ಉದ್ದ, 4 ಬೈಟ್ ಮೊದಲ ಭಾಗದ ಹೆಸರು. ಹಾಗಾಗಿ ಕೀ ಗೊತ್ತಿಲ್ಲದೆಯೂ ಆ 16 ಬೈಟ್‌ಗಳನ್ನು ಮತ್ತೆ ಬರೆದರೆ ಚಿತ್ರ ತೆರೆದುಕೊಳ್ಳುತ್ತದೆ. ಅದೂ ಬೇಡ ಎಂದರೆ, ಡೇಟಾ ಫೋಲ್ಡರಿನ ಸಿಸ್ಟಮ್ ಜೇಸಾನ್ ಫೈಲಿನಲ್ಲಿ ಕೀ ಬರೆದೇ ಇರುತ್ತದೆ. ಟಿಕ್ ಹಾಕುವುದನ್ನು ಬಿಡಬೇಡಿ, ಸುಮ್ಮನೆ ಫೋಲ್ಡರ್ ತೆರೆದು ನೋಡುವವರನ್ನು ಅದು ತಡೆಯುತ್ತದೆ. ಆದರೆ ಆ ಪಾಸ್‌ವರ್ಡ್ ನಿಮ್ಮ ಇಮೇಲ್‌ನ ಅಥವಾ ಬ್ಯಾಂಕಿನ ಪಾಸ್‌ವರ್ಡ್ ಆಗಿರದಿರಲಿ.

ಪ್ರಶ್ನೆ: ವೆಬ್‌ನಲ್ಲಿ ಓಡುವ ಗೇಮ್‌ಗೆ ರೈಟ್ ಕ್ಲಿಕ್ ನಿಲ್ಲಿಸಿದರೆ ಸಾಕೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸಾಲದು. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ನೋಡಿದರೆ ಬಂದ ಪ್ರತಿ ಫೈಲೂ ಅಲ್ಲಿರುತ್ತದೆ. ವೆಬ್‌ಗೆ ಚಿಕ್ಕ ಅಳತೆಯ ಚಿತ್ರ ಮಾತ್ರ ಕಳಿಸಿ.

ಪ್ರಶ್ನೆ: ನಾನು ಮನೆಯಿಂದಲೇ ಗೇಮ್ ಕಂಪನಿಗಳಿಗೆ ಪಾತ್ರಗಳನ್ನು ಬರೆದುಕೊಡುತ್ತೇನೆ. ‘ಸ್ಯಾಂಪಲ್ ಕಳಿಸಿ’ ಎಂದು ಪಡೆದು, ದುಡ್ಡು ಕೊಡದೆ ಅದನ್ನೇ ಬಳಸಿದವರಿದ್ದಾರೆ. ಹೇಗೆ ಕಳಿಸಬೇಕು? ದುಡ್ಡು ಕೊಟ್ಟಮೇಲೆ ಚಿತ್ರ ಯಾರದ್ದು?
— ಚಿತ್ರಕಲಾವಿದೆ, ಮೈಸೂರು

ಉತ್ತರ: ಒಪ್ಪಿಗೆಗಾಗಿ ಕಳಿಸುವ ಚಿತ್ರ ಮೂಲದ ಕಾಲು ಅಳತೆಯದ್ದಾಗಿರಲಿ, ಜೆಪೆಗ್ ಆಗಿರಲಿ, ಹಿನ್ನೆಲೆ ತುಂಬಿರಲಿ. ಹಿನ್ನೆಲೆ ಇಲ್ಲದ ಪಿಎನ್‌ಜಿ ಕಳಿಸಿದರೆ ನೇರವಾಗಿ ಗೇಮ್‌ನಲ್ಲಿ ಹಾಕಿಕೊಳ್ಳಬಹುದು. ವಾಟರ್‌ಮಾರ್ಕನ್ನು ಮೂಲೆಯಲ್ಲಿ ಹಾಕಿದರೆ ಕತ್ತರಿಸಿ ಎಸೆಯುತ್ತಾರೆ. ಮುಖ, ಕೈ, ಬಟ್ಟೆಯ ಮಡಿಕೆಗಳ ಮೇಲೆ ಹಾಯುವಂತೆ 25ರಿಂದ 30 ಶೇಕಡ ಗಾಢತೆಯಲ್ಲಿ ಹಾಕಿ, ಅದರಲ್ಲಿ ಆ ಗ್ರಾಹಕರ ಹೆಸರೂ ದಿನಾಂಕವೂ ಇರಲಿ. ಮುಂದೆ ಎಲ್ಲಾದರೂ ಕಂಡರೆ ಯಾರ ಕೈಯಿಂದ ಹೋಯಿತೆಂದು ಗೊತ್ತಾಗುತ್ತದೆ. ತ್ರೀಡಿ ಕೆಲಸವಾದರೆ ಎಫ್‌ಬಿಎಕ್ಸ್ (ಮಾದರಿಯ ಫೈಲ್) ಕಳಿಸಬೇಡಿ, ಮಾದರಿಯನ್ನು ಸುತ್ತ ತಿರುಗಿಸಿ ತೋರಿಸುವ ವಿಡಿಯೊ ಸಾಕು. ಲೇಯರ್ ಇರುವ ಪಿಎಸ್‌ಡಿ, ಬ್ಲೆಂಡ್ ಫೈಲ್‌ಗಳು ಕೊನೆಯ ಕಂತು ಖಾತೆಗೆ ಬಂದಮೇಲೆ ಮಾತ್ರ ಹೊರಡಲಿ. ಅವೇ ನಿಮ್ಮ ಸಾಕ್ಷಿ, ಅವೇ ನಿಮ್ಮ ಬಲ.

ಒಡೆತನದ ಮಾತನ್ನು ಕೆಲಸ ಶುರುವಾಗುವ ಮುಂಚೆಯೇ ಕಾಗದದ ಮೇಲೆ ತನ್ನಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರಿಯ ಭಾಗವಾಗಿ ಬರೆದದ್ದಕ್ಕೆ ಬೇರೆ ಒಪ್ಪಂದವಿಲ್ಲದಿದ್ದರೆ ಮಾಲೀಕರೇ ಮೊದಲ ಒಡೆಯರು. ನೀವು ನೌಕರರಲ್ಲ ನಿಜ, ಆದರೆ ಅದೇ ಸೆಕ್ಷನ್ ಹಣ ಕೊಟ್ಟು ಬರೆಸಿದ ಪೇಂಟಿಂಗ್, ಭಾವಚಿತ್ರಗಳ ವಿಷಯದಲ್ಲೂ ಬರೆಸಿದವರ ಪರವಾಗಿದೆ. ಬೇರೆ ಒಪ್ಪಂದವಿದ್ದರೆ ಮಾತ್ರ ನಿಮ್ಮ ಪರ. ‘ಪೂರ್ತಿ ಹಣ ಸಂದಾಯವಾಗುವವರೆಗೆ ಎಲ್ಲ ಹಕ್ಕೂ ಕಲಾವಿದೆಯದೇ’ ಎಂಬ ಒಂದು ವಾಕ್ಯವನ್ನು ತಪ್ಪದೆ ಸೇರಿಸಿ. ಹಕ್ಕು ವರ್ಗಾವಣೆ 19ನೇ ಸೆಕ್ಷನ್‌ನಂತೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಎಣಿಸಲಾಗುತ್ತದೆ. ಗೇಮ್‌ಗೆ ಮಾತ್ರವೋ, ಆಟಿಕೆ, ಟಿ-ಶರ್ಟ್‌ಗಳಿಗೂ ಸೇರಿಯೋ ಎಂಬುದನ್ನು ಬಿಡಿಸಿ ಬರೆಯಿರಿ. ಹಕ್ಕು ಮಾರಿದ ಮೇಲೂ ‘ಇದನ್ನು ಬರೆದವಳು ನಾನು’ ಎನ್ನುವ ಹಕ್ಕು 57ನೇ ಸೆಕ್ಷನ್‌ನಡಿ ನಿಮ್ಮಲ್ಲೇ ಉಳಿಯುತ್ತದೆ.

ಪ್ರಶ್ನೆ: ನಮ್ಮ ಗೇಮ್‌ನ ಪಾತ್ರಗಳನ್ನೇ ಹಾಕಿ ಬೇರೊಬ್ಬರು ಪ್ಲೇ ಸ್ಟೋರ್‌ನಲ್ಲಿ ಗೇಮ್ ಬಿಟ್ಟಿದ್ದಾರೆ. ನಾವು ಕಾಪಿರೈಟ್ ನೋಂದಣಿ ಮಾಡಿಸಿಲ್ಲ. ದೂರು ಕೊಡಬಹುದೇ?
— ಇಬ್ಬರು ಗೆಳೆಯರು, ಬೆಂಗಳೂರು

ಉತ್ತರ: ಕೊಡಬಹುದು. ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ.

ಆದರೆ ದೂರಿಗೆ ಮುಂಚೆ, ಆ ಜನರಿಗೆ ಕೋಪದ ಸಂದೇಶ ಕಳಿಸುವುದಕ್ಕೂ ಮುಂಚೆ, ಸಾಕ್ಷಿ ಕೂಡಿಸಿ. ಸಂದೇಶ ತಲುಪಿದ ಕೂಡಲೇ ಚಿತ್ರ ಬದಲಿಸಿ ಹೊಸ ಆವೃತ್ತಿ ಬಿಡುವವರಿದ್ದಾರೆ. ಸ್ಟೋರ್ ಪುಟದ ವಿಳಾಸದೊಂದಿಗೆ, ಪ್ಯಾಕೇಜ್ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಗೇಮ್ ಆಡುತ್ತಾ ಪರದೆಯ ವಿಡಿಯೊ ಮಾಡಿ. ಅವರ ಎಪಿಕೆಯ ಪ್ರತಿ ಇಟ್ಟುಕೊಂಡು ಅದರ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆಯಿರಿ, ವಿಂಡೋಸ್‌ನ ಸರ್ಟ್‌ಯುಟಿಲ್ ಆಜ್ಞೆ ಇದನ್ನು ಕೊಡುತ್ತದೆ. ನಿಮ್ಮ ಕಡೆಯಿಂದ ಪೆನ್ಸಿಲ್ ಸ್ಕೆಚ್, ಲೇಯರ್ ಇರುವ ಫೈಲ್, ಗಿಟ್ ಇತಿಹಾಸ, ನಿಮ್ಮ ಗೇಮ್ ಬಿಡುಗಡೆಯಾದ ದಿನಾಂಕ ಬೇಕು. ಎರಡೂ ಚಿತ್ರಗಳನ್ನು ಒಂದೇ ಅಳತೆಗೆ ತಂದು ಅಕ್ಕಪಕ್ಕ ಇಟ್ಟ ಒಂದು ಹಾಳೆ ಮಾಡಿ. ದೂರು ಓದುವವರಿಗೆ ಹತ್ತು ಪ್ಯಾರಾಕ್ಕಿಂತ ಆ ಹಾಳೆ ಬೇಗ ಅರ್ಥವಾಗುತ್ತದೆ.

ನಂತರ ಗೂಗಲ್‌ನ ಕಾನೂನು ದೂರಿನ ಫಾರ್ಮ್‌ನಲ್ಲಿ ಪ್ರತಿ ಚಿತ್ರವನ್ನೂ ಬೇರೆಬೇರೆಯಾಗಿ ಹೆಸರಿಸಿ. ‘ಇಡೀ ಗೇಮ್ ನಮ್ಮದು’ ಎಂದು ಬರೆದರೆ ದೂರು ಸಡಿಲವಾಗುತ್ತದೆ. ಅಮೆರಿಕದ 1998ರ ಡಿಎಂಸಿಎ ಎಂಬ ಡಿಜಿಟಲ್ ಕೃತಿಸ್ವಾಮ್ಯ ಕಾನೂನಿನಡಿ ಎದುರಾಳಿ ಪ್ರತಿ-ಅರ್ಜಿ ಕೊಡಬಹುದು. ಕೊಟ್ಟರೆ, ನೀವು ಕೋರ್ಟಿಗೆ ಹೋಗದಿದ್ದಲ್ಲಿ 10ರಿಂದ 14 ಕೆಲಸದ ದಿನಗಳಲ್ಲಿ ಗೇಮ್ ಮತ್ತೆ ಬರುತ್ತದೆ. ನಮ್ಮ ಕಾಯ್ದೆಯ 52(1)(ಸಿ) ಮತ್ತು 2013ರ ನಿಯಮಗಳ ಪ್ರಕಾರ ಲಿಖಿತ ದೂರು ಬಂದ 36 ಗಂಟೆಗಳಲ್ಲಿ ಕ್ರಮ ಕೈಗೊಂಡು, 21 ದಿನ ತಡೆಹಿಡಿಯಬೇಕು. ಅಷ್ಟರೊಳಗೆ ಕೋರ್ಟಿನ ಆದೇಶ ತರದಿದ್ದರೆ ತಡೆ ತೆರವಾಗಬಹುದು. ಅಂದರೆ ದೂರು ಕೊಟ್ಟ ದಿನವೇ ವಕೀಲರೊಬ್ಬರ ಜೊತೆ ಮಾತಾಡಿರಬೇಕು. 63ನೇ ಸೆಕ್ಷನ್‌ನಲ್ಲಿ ಶಿಕ್ಷೆ 6 ತಿಂಗಳಿಂದ 3 ವರ್ಷ, ದಂಡ 50 ಸಾವಿರದಿಂದ 2 ಲಕ್ಷ ರೂಪಾಯಿ. ಬೀಗ ಒಡೆದು ತೆಗೆದಿದ್ದರೆ 2012ರಲ್ಲಿ ಸೇರಿದ 65ಎ ಸೆಕ್ಷನ್ ಕೂಡ ಅನ್ವಯಿಸಬಹುದು. ಮುರಿಯಲು ಸುಲಭವಾದ ಬೀಗವನ್ನೂ ಹಾಕಿಡಿ ಎಂದು ನಾವು ಹೇಳಲು ಇದೂ ಒಂದು ಕಾರಣ.

ಒಂದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ: ಅವರು ನಿಮ್ಮ ಚಿತ್ರವನ್ನೇ ತೆಗೆದುಕೊಂಡಿದ್ದಾರೆಯೋ, ನಿಮ್ಮ ಶೈಲಿಯಲ್ಲಿ ತಾವೇ ಬರೆದಿದ್ದಾರೆಯೋ? ಶೈಲಿಗೆ, ಕಲ್ಪನೆಗೆ ಕೃತಿಸ್ವಾಮ್ಯ ಇಲ್ಲ. ಯಕ್ಷಗಾನ ವೇಷದ ನಾಯಕ ಎಂಬ ಕಲ್ಪನೆ ಎಲ್ಲರದು, ನೀವು ಬರೆದ ಆ ನಾಯಕ ನಿಮ್ಮದು.

ಈಗಲಾದರೂ ಮುಖ್ಯ ಪಾತ್ರಗಳನ್ನು ನೋಂದಾಯಿಸಿ. ಅರ್ಜಿ ಆನ್‌ಲೈನ್‌ನಲ್ಲಿದೆ, ಹದಿನಾಲ್ಕನೇ ನಮೂನೆ. ಕಲಾಕೃತಿಗೆ 500 ರೂಪಾಯಿ. ಸರಕುಗಳ ಮೇಲೆ ಬಳಸುವಂಥದ್ದಾದರೆ 2000 ರೂಪಾಯಿ ಮತ್ತು ಟ್ರೇಡ್‌ಮಾರ್ಕ್ ಕಚೇರಿಯ ಒಂದು ಪ್ರಮಾಣಪತ್ರ. ಆಕ್ಷೇಪಣೆಗಾಗಿ 30 ದಿನ ಕಾಯಬೇಕು. ಕೋರ್ಟಿನಲ್ಲಿ ಆ ದಾಖಲೆ ಮೇಲ್ನೋಟದ ಸಾಕ್ಷಿಯಾಗುತ್ತದೆ.

ಪ್ರಶ್ನೆ: ಎಐ ತರಬೇತಿಗೆ ನಮ್ಮ ಚಿತ್ರ ಬಳಕೆಯಾಗದಂತೆ ಗ್ಲೇಜ್ ಹಾಕಬೇಕೆನ್ನುತ್ತಾರೆ. ಗೇಮ್‌ನ ಒಳಗಿನ ಚಿತ್ರಗಳಿಗೂ ಹಾಕಬಹುದೇ?
— ಓದುಗರೊಬ್ಬರು, ಕಾಸರಗೋಡು

ಉತ್ತರ: ಗೇಮ್‌ನ ಒಳಗೆ ಬೇಡ. ಶಿಕಾಗೋ ವಿಶ್ವವಿದ್ಯಾಲಯದವರು 2023ರಲ್ಲಿ ಹೊರತಂದ ಗ್ಲೇಜ್ ಚಿತ್ರದ ಮೇಲೆ ಸಣ್ಣ ಬದಲಾವಣೆಗಳನ್ನು ಹರಡುತ್ತದೆ. ಒಂದೇ ಬಣ್ಣದ ದೊಡ್ಡ ಜಾಗಗಳಲ್ಲಿ ಅದು ಕಣ್ಣಿಗೆ ಬೀಳುತ್ತದೆ, ಅಕ್ಕಪಕ್ಕ ಜೋಡಿಸುವ ಟೈಲ್‌ಗಳಲ್ಲಿ ಸಂದು ತೋರುತ್ತದೆ. ಜಾಲತಾಣದಲ್ಲಿ ಪ್ರದರ್ಶನಕ್ಕೆ ಇಡುವ ಚಿತ್ರಗಳಿಗೆ ಹಾಕಬಹುದು. ಅದನ್ನು ದಾಟುವ ದಾರಿಗಳನ್ನೂ ಸಂಶೋಧಕರು ತೋರಿಸಿದ್ದಾರೆ. ಅಲ್ಲಿಯೂ ಚಿಕ್ಕ ಅಳತೆಯೇ ಇರಲಿ.

ಪ್ರಶ್ನೆ: ನಮ್ಮ ತಂಡದಲ್ಲಿ ಐದು ಜನ. ಒಬ್ಬರು ಗೊತ್ತಿಲ್ಲದೆ ಗಿಟ್‌ಹಬ್ ರೆಪೊಸಿಟರಿಯನ್ನು (ಗೇಮ್ ಫೈಲ್‌ಗಳ ಆನ್‌ಲೈನ್ ಸಂಗ್ರಹ) ಎರಡು ದಿನ ಪಬ್ಲಿಕ್ ಆಗಿ ಇಟ್ಟಿದ್ದರು. ಈಗ ಪಿಎಸ್‌ಡಿ ಫೈಲ್‌ಗಳನ್ನು ಡಿಲೀಟ್ ಮಾಡಿದ್ದೇವೆ. ಸಾಕೇ?
— ಸಣ್ಣ ಗೇಮ್ ತಂಡ, ಮಂಗಳೂರು

ಉತ್ತರ: ಡಿಲೀಟ್ ಮಾಡಿದ್ದು ಈಗಿನ ಪ್ರತಿಯಿಂದ ಮಾತ್ರ. ಹಳೆಯ ಕಮಿಟ್‌ಗಳಲ್ಲಿ (ಉಳಿಸಿಟ್ಟ ಹಿಂದಿನ ಹಂತಗಳಲ್ಲಿ) ಎಲ್ಲವೂ ಹಾಗೆಯೇ ಇದೆ. ಗಿಟ್‌ಇಗ್ನೋರ್‌ಗೆ ಸೇರಿಸಿದರೂ ಇತಿಹಾಸ ಅಳಿಯುವುದಿಲ್ಲ. ಮೊದಲು ರೆಪೊಸಿಟರಿಯನ್ನು ಪ್ರೈವೇಟ್ ಮಾಡಿ. ಆ ಎರಡು ದಿನಗಳಲ್ಲಿ ಯಾರಾದರೂ ಫೋರ್ಕ್ ಮಾಡಿದ್ದಾರೆಯೇ (ತಮ್ಮ ಖಾತೆಗೆ ನಕಲಿಸಿಕೊಂಡಿದ್ದಾರೆಯೇ) ನೋಡಿ, ನೀವು ಪ್ರೈವೇಟ್ ಮಾಡಿದರೂ ಅವರ ಫೋರ್ಕ್ ಪಬ್ಲಿಕ್ ಆಗಿಯೇ ಉಳಿಯುತ್ತದೆ. ಗಿಟ್ ಫಿಲ್ಟರ್-ರೆಪೊ ಸಾಧನದಿಂದ ಇತಿಹಾಸದಿಂದಲೇ ಆ ಫೈಲ್‌ಗಳನ್ನು ತೆಗೆದು, ಐವರೂ ಹೊಸದಾಗಿ ಕ್ಲೋನ್ ಮಾಡಿಕೊಳ್ಳಿ. ಒಬ್ಬರು ಹಳೆಯ ಕ್ಲೋನ್‌ನಿಂದ ಪುಶ್ ಮಾಡಿದರೂ ಎಲ್ಲವೂ ಮರಳಿ ಬರುತ್ತದೆ. ಎನ್‌ಕ್ರಿಪ್ಷನ್ ಕೀ, ಸರ್ವರ್ ಪಾಸ್‌ವರ್ಡ್ ಅದರಲ್ಲಿದ್ದರೆ ಹೊರಗೆ ಹೋಗಿದೆ ಎಂದೇ ತಿಳಿದು ಬದಲಿಸಿ. ಕೊಂಡ ಅಸೆಟ್‌ಗಳು ಇದ್ದರೆ ಇನ್ನೊಂದು ತೊಂದರೆ: ಅವನ್ನು ಫೈಲ್ ರೂಪದಲ್ಲಿ ಮರುಹಂಚಬಾರದೆಂಬುದು ಬಹುತೇಕ ಮಾರಾಟ ತಾಣಗಳ ಷರತ್ತು.

ದೊಡ್ಡ ಕಂಪನಿಗಳಲ್ಲಿ ಆದ ದೊಡ್ಡ ಸೋರಿಕೆಗಳೂ ಗೇಮ್ ಫೈಲ್ ಬಿಚ್ಚಿ ಆದವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಜಿಟಿಎ 6ರ ಅರೆಬರೆ ವಿಡಿಯೊಗಳು ಹೊರಬಂದದ್ದು, 2023ರ ಡಿಸೆಂಬರ್‌ನಲ್ಲಿ ಗೇಮ್ ಕಂಪನಿ ಇನ್ಸೋಮ್ನಿಯಾಕ್‌ನ 13 ಲಕ್ಷಕ್ಕೂ ಹೆಚ್ಚು ಫೈಲ್‌ಗಳು ಹೊರಬಿದ್ದದ್ದು, ಎರಡೂ ಕಂಪನಿಯ ಒಳಗಿನ ವ್ಯವಸ್ಥೆಗೆ ನುಗ್ಗಿ ಆದವು. ಬಿಡುಗಡೆಯಾದ ಗೇಮ್‌ನ ಬೀಗಕ್ಕೆ ಒಂದು ವಾರ ಕೊಡುವ ತಂಡ ತನ್ನ ಮೂಲ ಫೈಲ್‌ಗಳಿಗೆ ಒಂದು ಸಂಜೆ ಕೊಡಲೇಬೇಕು. ಐವರ ಖಾತೆಗೂ ಎರಡು ಹಂತದ ಲಾಗಿನ್ ಹಾಕಿ, ಎಸ್‌ಎಂಎಸ್‌ಗಿಂತ ಅಥೆಂಟಿಕೇಟರ್ ಆ್ಯಪ್ ಮೇಲು. ಪಿಎಸ್‌ಡಿಗಳನ್ನು ಗೇಮ್ ರೆಪೊಸಿಟರಿಯಿಂದ ಬೇರೆ ಮಾಡಿ, ಕಲಾವಿದರಿಗಷ್ಟೇ ಪ್ರವೇಶವಿರುವ ಜಾಗದಲ್ಲಿಡಿ. ಕೋಡ್ ಬರೆಯುವವರಿಗೆ ಅವು ಬೇಕಾಗಿಲ್ಲ. ಡ್ರೈವ್‌ನಲ್ಲಿ ‘ಲಿಂಕ್ ಇರುವ ಯಾರಾದರೂ’ ಎಂದು ಹಂಚಿದ ಫೋಲ್ಡರ್‌ಗಳನ್ನು ಹುಡುಕಿ, ಹೆಸರು ಹಿಡಿದು ಹಂಚಿ. ತಂಡ ಬಿಟ್ಟವರ ಪ್ರವೇಶವನ್ನು ಅದೇ ದಿನ ತೆಗೆಯಿರಿ. ಬಿಡುಗಡೆಗೆ ಮುಂಚೆ ಪರೀಕ್ಷೆಗೆ ಕೊಡುವ ಬಿಲ್ಡ್‌ನಲ್ಲಿ ಪ್ರತಿ ಪರೀಕ್ಷಕರಿಗೂ ಬೇರೆ ಸಂಕೇತ ಪರದೆಯಲ್ಲಿ ಮಸುಕಾಗಿ ಕಾಣುವಂತಿರಲಿ, ಜಾಗ ಆಗಾಗ ಬದಲಾಗಲಿ. ಆಗ ಸ್ಕ್ರೀನ್‌ಶಾಟ್ ಹೊರಬಂದರೆ ಯಾರ ಪ್ರತಿಯೆಂದು ಕೂಡಲೇ ಗುರುತಿಸಬಹುದು.